ಲೋಕಾಪುರಕ್ಕೆ ಇನ್ನೆಷ್ಟು ಪರ್ಸೆಂಟ್?

ಸಿನಿಮಾದಲ್ಲಿ ಹೀರೋನ ಕಾರಿಗೆ ಪೆಟ್ರೋಲ್ ಮುಗಿಯೋದು ಯಾವಾಗ? ಪಕ್ಕದ ಸೀಟಿನಲ್ಲಿ ಹೀರೋಯಿನ್ ಇದ್ದಾಗ, ಅದೂ ಮಳೆ ಬರೋ ಹೊತ್ತಿಗೆ, ಅದೂ ಹತ್ತಿರದಲ್ಲೇ ಒಂದು ಖಾಲಿ ಬಂಗಲೆ ಇದ್ದರೆ! ವಿಲನ್ ಕಾರಿಗೆ ಮಾತ್ರ ಯಾವತ್ತೂ ಮುಗಿಯೋದಿಲ್ಲ. ಕ್ಲೈಮ್ಯಾಕ್ಸ್ ಚೇಸಿಂಗ್‌ನಲ್ಲಿ ಯಾರಾದರೂ ಬಂಕಿಗೆ ಗಾಡಿ ತಿರುಗಿಸಿದ್ದನ್ನು ನಾನಂತೂ ಇದುವರೆಗೆ ನೋಡಿಲ್ಲ. ಟಿಕೆಟ್ ಕೊಂಡು ಸಿನಿಮಾ ನೋಡುವ ನಮ್ಮಂಥವರು ನಿಜವಾದ ರಸ್ತೆಗೆ ಇಳಿದಾಗ ಕತೆಯೇ ಬೇರೆ. ಟ್ಯಾಂಕಿ ಅನ್ನೋದೇ ಒಂದು ಮುಖ್ಯ ಪಾತ್ರವಾಗಿ ಮುಂದೆ ಬಂದು ನಿಲ್ಲುತ್ತೆ. ಈಗಂತೂ ಕಾರು ಕರೆಂಟಿನಲ್ಲಿ ಓಡುವ ಕಾಲ... ಆ ಪಾತ್ರಕ್ಕೆ ಡಬಲ್ ರೋಲ್!

ನಾವು ನಾಲ್ಕು ಜನ ಅಂಥದ್ದೊಂದು ಕರೆಂಟ್ ಕಾರಿನಲ್ಲಿ ಬೆಂಗಳೂರಿನಿಂದ ಲೋಕಾಪುರಕ್ಕೆ ಹೋಗಿಬಂದೆವು. ಲೋಕಾಪುರವೇ ಯಾಕೆ ಅಂತ ಶಂಕರಣ್ಣನ ಅಭಿಮಾನಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳ್ತೀನಿ. 1990ರಲ್ಲಿ ಶಂಕರ್‌ನಾಗ್ 'ಜೋಕುಮಾರಸ್ವಾಮಿ' ಚಿತ್ರದ ಶೂಟಿಂಗ್‌ಗೆಂದು ಹೆಂಡತಿ, ಮಗಳ ಜೊತೆ ಹೊರಟಿದ್ದು ಆ ಊರಿಗೆ. ಸೆಪ್ಟೆಂಬರ್ 30ರಂದು, ದಾವಣಗೆರೆಗೆ ಸ್ವಲ್ಪ ಮುಂಚೆ ಸಿಗುವ ಆನಗೋಡಿನ ಹತ್ತಿರ, ಆ ಪ್ರಯಾಣ ಅಲ್ಲಿಗೇ ನಿಂತುಹೋಯಿತು. ವಯಸ್ಸು ಬರೀ 35. ಆಗ ಲೋಕಾಪುರ ಬಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆ ಬೇರೆಯಾಗಿದ್ದು 1997ರಲ್ಲಿ. ನಾನು ಹುಟ್ಟುವ ಹೊತ್ತಿಗೆ ಶಂಕರಣ್ಣ ಆಗಲೇ ಆಟೋಗಳ ಹಿಂದಿನ ಚಿತ್ರವಾಗಿಬಿಟ್ಟಿದ್ದರು. ಆದರೂ ಅವರು ತಲುಪದೇ ಹೋದ ಊರನ್ನು ಒಂದು ಸಲ ಮುಟ್ಟಿ ಬರಬೇಕು ಅನ್ನೋದು ನಮ್ಮ ಹುಚ್ಚು.

ಹುಚ್ಚಿನ ಮೂಲಪುರುಷ ನಮ್ಮ ಆಟೋ ಗೆಳೆಯ. 1980ರ 'ಆಟೋ ರಾಜ' ಬಂದಾಗ ಅವನ ಅಪ್ಪನೂ ಆಟೋ ಓಡಿಸುತ್ತಿದ್ದರಂತೆ, ಇವನಿಗೆ ಅದು ಮನೆದೇವರ ಕತೆ. ಕಾರಿನ ಯಜಮಾನ ಇನ್ನೊಬ್ಬ ಗೆಳೆಯ, ಸಿಟಿಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ನಾಲ್ಕನೆಯವರು ಅವನ ಸೋದರಮಾವ, ಹಾಗಾಗಿ ನಮಗೆಲ್ಲ ಮಾವ. 'ಪೂನಾ ರೋಡ್' ಅಂತ ಲಾರಿಯವರು ಕರೆಯುತ್ತಿದ್ದ ಈ ಬೆಂಗಳೂರು-ಪುಣೆ ಹೆದ್ದಾರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಲಾರಿ ಓಡಿಸಿ ಈಗ ಮನೆಯಲ್ಲಿದ್ದಾರೆ. ಪ್ಲ್ಯಾನ್ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. "ನೀನು ಬರೆಯೋನಲ್ವಾ, ಬರಿ" ಅಂದರು. ಪಿಯುಸಿಯಲ್ಲಿ ಗಣಿತಕ್ಕೆ ಹೆದರಿ ಕಾಲೇಜಿಗೇ ಶರಣು ಹೊಡೆದವನ ಕೈಗೆ ಲೆಕ್ಕದ ಪುಸ್ತಕ ಕೊಟ್ಟರೆ ಹೇಗಿರುತ್ತೆ, ನೀವೇ ಊಹಿಸಿ!

ಲೆಕ್ಕ ನಿಜಕ್ಕೂ ಅಷ್ಟು ಕಷ್ಟದ್ದಲ್ಲ. ಕಾರಿನ ಬ್ಯಾಟರಿ 40 ಯೂನಿಟ್. ನಿಮ್ಮ ಮನೆ ಕರೆಂಟ್ ಬಿಲ್‌ನಲ್ಲಿ ಬರುತ್ತಲ್ಲ, ಅದೇ ಯೂನಿಟ್. ಒಂದು ಸಲ ಪೂರ್ತಿ ತುಂಬಿಸಿದರೆ ನಾಲ್ಕುನೂರು ಚಿಲ್ಲರೆ ಕಿಲೋಮೀಟರ್ ಅಂತ ಕಂಪನಿಯವರು ಕಾಗದದಲ್ಲಿ ಬರೆದಿರುತ್ತಾರೆ. ಅದು ಪೋಸ್ಟರ್ ಮೇಲಿನ 'ಅದ್ದೂರಿ 100ನೇ ದಿನ' ಇದ್ದ ಹಾಗೆ, ಥಿಯೇಟರ್ ಒಳಗೆ ಹೋಗಿ ತಲೆ ಎಣಿಸಿದರೇ ಗೊತ್ತಾಗೋದು. ನಾಲ್ಕು ಜನ, ಲಗೇಜು, ಏಸಿ, ಗಂಟೆಗೆ 80ರ ವೇಗ: ನೂರು ಕಿಲೋಮೀಟರಿಗೆ 15 ಯೂನಿಟ್ ಬೇಕು. ಅಂದರೆ ಪೂರ್ತಿ ಬ್ಯಾಟರಿಗೆ 260ರಷ್ಟು. ಅದನ್ನೂ ಪೂರ್ತಿ ಹಿಂಡೋದಕ್ಕೆ ಆಗಲ್ಲ. ಕೆಳಗಡೆ ಒಂದು 15-20 ಪರ್ಸೆಂಟ್ ಕಷ್ಟಕಾಲಕ್ಕೆ ಅಂತ ಮುಟ್ಟದೇ ಇಡಬೇಕು. ಉಳಿದದ್ದು 220 ಕಿಲೋಮೀಟರ್. ಬೆಂಗಳೂರಿನಿಂದ ಚಿತ್ರದುರ್ಗ ಸುಮಾರು 200. ಭೇಷ್! ಮೊದಲ ನಿಲುಗಡೆ ತಾನಾಗೇ ಗೊತ್ತಾಯಿತು.

ಇಲ್ಲೊಂದು ಮರ್ಮವಿದೆ, ವೇಗದ ಪ್ರಿಯರು ಕೇಳಬೇಕು. ಗಾಡಿಗೆ ಗಾಳಿ ಒಡ್ಡುವ ಅಡ್ಡಿ ವೇಗದ ಜೊತೆ ಸಮಸಮ ಏರುವುದಿಲ್ಲ. ವೇಗ ಎರಡರಷ್ಟಾದರೆ ಅಡ್ಡಿ ನಾಲ್ಕರಷ್ಟು. ಅದೇ ಕಾರನ್ನು ನೂರರ ಮೇಲೆ ಬಿಟ್ಟರೆ ನೂರು ಕಿಲೋಮೀಟರಿಗೆ 19 ಯೂನಿಟ್ ತಿನ್ನುತ್ತೆ. ಎಂಬತ್ತರಲ್ಲಿ ಹೋದವನು ಚಿತ್ರದುರ್ಗಕ್ಕೆ 25 ಪರ್ಸೆಂಟ್ ಇಟ್ಟುಕೊಂಡು ತಲುಪಿದರೆ, ನೂರರ ಮೇಲೆ ಹೋದವನು 5 ಇಟ್ಟುಕೊಂಡು ತಲುಪುತ್ತಾನೆ. ಉಳಿಸಿದ ಅರ್ಧ ಗಂಟೆಯಲ್ಲಿ ಕಾಲು ಗಂಟೆ ಚಾರ್ಜರ್ ಮುಂದೆಯೇ ವಾಪಸ್ ಕೊಡಬೇಕು. ಆ ಚಾರ್ಜರ್ ಕೆಟ್ಟಿದ್ದರಂತೂ ಮುಗೀತು, ಐದು ಪರ್ಸೆಂಟಿನಲ್ಲಿ ಇನ್ನೊಂದನ್ನು ಹುಡುಕುವ ಭಾಗ್ಯ! ಪೆಟ್ರೋಲ್ ಮುಗಿದವನು ಬಾಟಲಿ ಹಿಡಿದುಕೊಂಡು ಯಾರದೋ ಬೈಕ್ ಹತ್ತಬಹುದು. ಡೀಸೆಲ್ ಗಾಡಿ ಒಣಗಿದರೆ ಪೈಪಿನಲ್ಲಿ ಏರ್ ಹಿಡಿಯುತ್ತೆ. ಡೀಸೆಲ್ ತಂದು ಸುರಿದರೂ ಹಾಗೇ ಸ್ಟಾರ್ಟ್ ಆಗಲ್ಲ, ಕೈಪಂಪು ಒತ್ತಿ ಒತ್ತಿ ಏರ್ ಬಿಡಿಸಬೇಕು. ಕರೆಂಟ್ ಗಾಡಿಗೆ ಬಾಟಲಿಯೂ ಇಲ್ಲ, ಕೈಪಂಪೂ ಇಲ್ಲ. ಹಗ್ಗ ಕಟ್ಟಿ ಎಳೆಯೋಕೂ ಬಿಡಲ್ಲ, ನಾಲ್ಕೂ ಚಕ್ರ ಮೇಲೆತ್ತಿ ಇನ್ನೊಂದು ಗಾಡಿ ಮೇಲೆ ಹೇರಿಕೊಂಡು ಹೋಗಬೇಕು. ಹೀರೋ ಎಂಟ್ರಿಗೆ ಇದಕ್ಕಿಂತ ಅವಮಾನ ಬೇಕಾ?

ಮಾವ ನನ್ನ ಲೆಕ್ಕದ ಹಾಳೆ ನೋಡಿ ನಕ್ಕರು. ಅವರ ಕಾಲದಲ್ಲಿ ಲಾರಿಯ ಡೀಸೆಲ್ ಮುಳ್ಳು ಕೆಲಸ ಮಾಡಿದ್ದನ್ನು ಕಂಡವರೇ ಕಮ್ಮಿಯಂತೆ. ಟ್ಯಾಂಕಿಗೆ ಒಂದು ಕೋಲು ಇಳಿಸಿ ಎಷ್ಟು ನೆನೆದಿದೆ ಅಂತ ನೋಡೋದು. ಲೀಟರಿಗೆ ನಾಲ್ಕು ಕಿಲೋಮೀಟರ್, ಘಾಟಿಯಲ್ಲಿ ಮೂರು. ಯಾವ ಬಂಕಿನಲ್ಲಿ ಹಾಕಿಸಬೇಕು? "ಲಾರಿ ಸಾಲು ನೋಡು ಮಗಾ. ಹತ್ತು ಲಾರಿ ನಿಂತಿರೋ ಕಡೆ ಡೀಸೆಲ್ ಚೆನ್ನಾಗಿರ್ತದೆ, ಊಟಾನೂ ಚೆನ್ನಾಗಿರ್ತದೆ. ಖಾಲಿ ಬಂಕಿಗೆ ಹೋಗ್ಬೇಡ." ಕರೆಂಟಿಗೆ ಕಲಬೆರಕೆ ಇಲ್ಲ, ಆದರೂ ಈ ಮಾತು ನನಗೆ ಉಪಯೋಗಕ್ಕೆ ಬಂತು. ಮೊಬೈಲಿನ ಮ್ಯಾಪಿನಲ್ಲಿ ಚಾರ್ಜರ್ ತೋರಿಸಿದ ಮಾತ್ರಕ್ಕೆ ಅದು ಜೀವಂತ ಇದೆ ಅಂತ ಅಲ್ಲ. ನಿನ್ನೆ ಮೊನ್ನೆ ಯಾರಾದರೂ ಅಲ್ಲಿ ಗಾಡಿ ಹಚ್ಚಿದ್ದಾರಾ ಅಂತ ನೋಡಬೇಕು, ಸಾಧ್ಯವಾದರೆ ಫೋನ್ ಮಾಡಬೇಕು. ಒಂದು ಮಿಷನ್ ಮಾತ್ರ ಇರುವ ಜಾಗವನ್ನು ನಂಬಬಾರದು. ಪ್ರತಿ ನಿಲುಗಡೆಗೂ ಅಲ್ಲೇ ಸುತ್ತಮುತ್ತ ಎರಡನೆಯದೊಂದು ಬರೆದಿಟ್ಟುಕೊಂಡಿರಬೇಕು. ನನ್ನ ಹಾಳೆಯಲ್ಲಿ ಚಿತ್ರದುರ್ಗಕ್ಕೆ ಎರಡು ಹೆಸರು, ಅದಕ್ಕೂ 40 ಕಿಲೋಮೀಟರ್ ಮುಂಚೆ ಹಿರಿಯೂರಿನಲ್ಲಿ ಒಂದು.

ಜಗಳ ಬಂದಿದ್ದು ಹೊರಡುವ ಹೊತ್ತಿನ ಬಗ್ಗೆ. ಆಟೋ ಗೆಳೆಯನಿಗೆ ರಾತ್ರಿ ಹತ್ತಕ್ಕೆ ಹೊರಡಬೇಕು. ಟ್ರಾಫಿಕ್ ಇರಲ್ಲ, ಚಾರ್ಜರ್ ಮುಂದೆ ಕ್ಯೂ ಇರಲ್ಲ, ತಂಪು ಇರುತ್ತೆ, ಬೆಳಗಿನ ಜಾವಕ್ಕೆ ಆನಗೋಡು, ತಿಂಡಿ ಹೊತ್ತಿಗೆ ಧಾರವಾಡ. ವಾದದಲ್ಲಿ ತಪ್ಪಿಲ್ಲ, ನಾನೂ ಹೂಂ ಅಂದಿದ್ದೆ. ಮಾವ ಮಾತ್ರ ಕಾಫಿ ಲೋಟ ಕೆಳಗಿಟ್ಟು, "ರಾತ್ರಿ ಗಾಡಿ ಅಂದ್ರೆ ನಾನು ಬರಲ್ಲ. ನೀವೂ ಹೋಗ್ಬೇಡಿ" ಅಂದರು. ಕಾರಣ ಕೇಳಿದರೆ ಉತ್ತರವಿಲ್ಲ. ಕೊನೆಗೆ ಅವರ ಮಾತೇ ಗೆದ್ದಿತು. ಬೆಳಿಗ್ಗೆ ಐದಕ್ಕೆ ಹೊರಟೆವು. ಮನೆಯಲ್ಲೇ ರಾತ್ರಿಯೆಲ್ಲ ಹಚ್ಚಿದ್ದರಿಂದ ನೂರಕ್ಕೆ ನೂರು.

ತುಮಕೂರು ದಾಟಿ ಶಿರಾದಲ್ಲಿ ಟೀ ಕುಡಿದೆವು. ರಸ್ತೆ ಅಗಲ, ಗಾಡಿ ಮೌನ. ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಮಾವನ ಗೊರಕೆ ಸ್ಟೀರಿಯೋ ಎಫೆಕ್ಟ್‌ನಲ್ಲಿ ಕೇಳುತ್ತಿತ್ತು. ಚಿತ್ರದುರ್ಗ ತಲುಪಿದಾಗ 26 ಪರ್ಸೆಂಟ್, ಲೆಕ್ಕಕ್ಕಿಂತ ಒಂದು ಹೆಚ್ಚು. ಇದಕ್ಕೂ ಕಾರಣವಿದೆ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ದಾವಣಗೆರೆ 600. ಕಣ್ಣಿಗೆ ಕಾಣದಿದ್ದರೂ ನಾವು ಇಳಿಯುತ್ತಲೇ ಇರುತ್ತೇವೆ. ಹೋಗುವಾಗ ಸಿಕ್ಕಿದ್ದನ್ನು ಬರುವಾಗ ರಸ್ತೆ ವಸೂಲಿ ಮಾಡುತ್ತೆ, ಅದಕ್ಕೇ ವಾಪಸ್ ಬರುವ ಹಾಳೆ ಬೇರೆಯೇ ಬರೆಯಬೇಕು.

ಮೊದಲ ಚಾರ್ಜರ್ ಸತ್ತಿತ್ತು. ಪರದೆ ಕಪ್ಪು. ಅಲ್ಲಿದ್ದ ಹುಡುಗ, "ನೆನ್ನೆಯಿಂದ ಹಿಂಗೇ ಸಾರ್" ಅಂದ. ಸುತ್ತಲ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ಗರಗರ ತಿರುಗುತ್ತಿದ್ದವು. ಮಾವ ಸೊಂಟದ ಮೇಲೆ ಕೈಯಿಟ್ಟು ಅತ್ತ ನೋಡಿ, "ಕರೆಂಟು ಅಲ್ಲಿ ಹುಟ್ತೈತೆ, ಇಲ್ಲಿಗೆ ಬರೋಕೆ ದಾರಿ ಗೊತ್ತಿಲ್ಲ" ಅಂದರು. ಎರಡನೆಯ ಜಾಗಕ್ಕೆ ಹೋದೆವು. ಅಲ್ಲಿ ಹುಬ್ಬಳ್ಳಿ ಕಡೆಯ ಕಾರೊಂದು ಮೊದಲೇ ಹಚ್ಚಿಕೊಂಡಿತ್ತು, ಇಪ್ಪತ್ತು ನಿಮಿಷ ಕಾದೆವು. ಆಮೇಲೆ ಆ್ಯಪ್ ಪ್ರಹಸನ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ಆ್ಯಪಿಗೆ ಮುಂಗಡ ದುಡ್ಡು. ಮೊಬೈಲ್ ಸಿಗ್ನಲ್ ಇಲ್ಲದಿದ್ದರೆ ಕರೆಂಟೂ ಇಲ್ಲ! ಹೊರಡುವ ಮುಂಚೆ ಮನೆಯಲ್ಲೇ ಕೂತು ನಾಲ್ಕು ಆ್ಯಪ್‌ಗಳಿಗೆ ದುಡ್ಡು ತುಂಬಿಟ್ಟಿದ್ದರಿಂದ ಬಚಾವ್. ಯೂನಿಟ್ಟಿಗೆ ಹದಿನೈದರಿಂದ ಇಪ್ಪತ್ತೈದು ರೂಪಾಯಿವರೆಗೂ ಇದೆ, ಮನೆಯ ಕರೆಂಟಿನ ದರ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಆದರೆ ಜಾಗ ಮಾತ್ರ ನಾನು ಬೇಕೆಂದೇ ಆರಿಸಿದ್ದು. ಚಾರ್ಜ್ ಆಗೋಕೆ ಒಂದು ಗಂಟೆ ಹಿಡಿಯುತ್ತೆ ಅಂದಮೇಲೆ, ಆ ಒಂದು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದಕ್ಕಿಂತ ಕೋಟೆ ನೋಡುವುದು ಮೇಲಲ್ಲವೇ? ಕಾರಿನ ಹತ್ತಿರ ಯಜಮಾನನನ್ನು ಕೂರಿಸಿ ನಾವು ಮೂವರು ಆಟೋ ಹತ್ತಿದೆವು. ಬ್ಯಾಟರಿ 80 ದಾಟಿದ ಮೇಲೆ ತುಂಬುವ ವೇಗ ಬಿದ್ದುಹೋಗುತ್ತೆ. ಕೊನೆಯ ಇಪ್ಪತ್ತಕ್ಕೆ ಕಾಯುತ್ತ ಇನ್ನೊಬ್ಬರ ಜಾಗ ಅಡ್ಡಗಟ್ಟುವುದು ಸಭ್ಯತೆ ಅಲ್ಲ, ಅದಕ್ಕೇ ಗಾಡಿ ಪಕ್ಕ ಒಬ್ಬರು ಇರಲೇಬೇಕು.

ಕೋಟೆಯ ಬಂಡೆಗಳ ನಡುವೆ ನಿಂತಾಗ 'ನಾಗರಹಾವು' ನೆನಪಾಗದೇ ಇರುತ್ತಾ? 1972ರಲ್ಲಿ ಪುಟ್ಟಣ್ಣ ಕಣಗಾಲ್ ಇಲ್ಲಿ ಕ್ಯಾಮೆರಾ ಇಟ್ಟರು. ತ.ರಾ.ಸು. ಕಾದಂಬರಿಗಳ ರಾಮಾಚಾರಿಯಾಗಿ ವಿಷ್ಣುವರ್ಧನ್, ಜಲೀಲನಾಗಿ ಅಂಬರೀಷ್, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್. ಓಬವ್ವನ ಕಿಂಡಿಯ ಮುಂದೆ ಬಂದವರೆಲ್ಲ ಜಯಂತಿಯ ಒನಕೆಯನ್ನೇ ಹುಡುಕುತ್ತಾರೆ. ಆಟೋ ಗೆಳೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, "ಆ ಕಾಲದಲ್ಲಿ ಕ್ಯಾಮೆರಾ, ಟ್ರಾಲಿ ಎಲ್ಲಾ ಹೆಗಲ ಮೇಲೆ ಹೊತ್ತು ತಂದ್ರಲ್ಲ ಗುರೂ" ಅಂದ. ಹೊಟ್ಟೆಪಾಡಿಗೆ ಭಾರ ಹೊತ್ತವನಿಗೇ ಅಂಥದ್ದು ಹೊಳೆಯೋದು. ಕೆಳಗಿನಿಂದ ಫೋನ್ ಬಂತು: "85 ಆಗಿದೆ, ಬನ್ರೋ."

ದುರ್ಗದಿಂದ ಮುಂದೆ ಯಾರೂ ಜಾಸ್ತಿ ಮಾತಾಡಲಿಲ್ಲ. ಆನಗೋಡಿನ ಹತ್ತಿರ ಗಾಡಿಯನ್ನು ಹೆದ್ದಾರಿಯಿಂದ ಇಳಿಸಿ ಸರ್ವಿಸ್ ರಸ್ತೆಯ ಪಕ್ಕ ನಿಲ್ಲಿಸಿದೆವು. ಮಧ್ಯಾಹ್ನ ಹನ್ನೆರಡೂವರೆ. ಲಾರಿಗಳು ಒಂದರ ಹಿಂದೆ ಒಂದು. ಮೆಕ್ಕೆಜೋಳದ ಹೊಲ, ಒಂದು ಬೀಡಾ ಅಂಗಡಿ. ಆಟೋ ಗೆಳೆಯ ಜೇಬಿನಿಂದ ಕರ್ಪೂರ ತೆಗೆದು ಹಚ್ಚಿದ, ಲಾರಿ ಗಾಳಿಗೆ ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಆ ಬೆಳಗಿನ ಬಗ್ಗೆ ಊರಲ್ಲೆಲ್ಲ ನೂರು ಕತೆಗಳಿವೆ, ನಾನು ಅವನ್ನು ಇಲ್ಲಿ ಬರೆಯಲ್ಲ. 'ಮಿಂಚಿನ ಓಟ' ಅಂತ ಕಾರು ಕಳ್ಳರ ಚಿತ್ರ ಮಾಡಿದವರು ಅವರೇ, 'ಆಕ್ಸಿಡೆಂಟ್' ಅಂತ ಚಿತ್ರ ಮಾಡಿ ರಾಷ್ಟ್ರಪ್ರಶಸ್ತಿ ತಂದವರೂ ಅವರೇ. ಜೊತೆಯಲ್ಲಿದ್ದ ಅರುಂಧತಿ ನಾಗ್ ಬದುಕಿ ಉಳಿದು, ಮತ್ತೆ ಎದ್ದು, 2004ರಲ್ಲಿ ಬೆಂಗಳೂರಿಗೆ ರಂಗಶಂಕರ ಕಟ್ಟಿಕೊಟ್ಟರು. ನನಗೆ ಇಷ್ಟು ಸಾಕು.

ಮಾವ ಬೀಡಾ ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತಿದ್ದವರು ಇದ್ದಕ್ಕಿದ್ದ ಹಾಗೆ ಶುರು ಮಾಡಿದರು.

"ನಂದೂ ಈ ರೋಡಲ್ಲೇ ಆಗಿದ್ದು. ಇಲ್ಲಲ್ಲ, ರಾಣೆಬೆನ್ನೂರು ದಾಟಿ ಮೇಲೆ. ಪೂನಾಕ್ಕೆ ಲೋಡು. ಹಿರಿಯೂರಲ್ಲಿ ಟ್ಯಾಂಕಿ ಫುಲ್ ಮಾಡ್ಸಿದ್ದೆ. ಟ್ಯಾಂಕಿ ಫುಲ್ ಇದ್ರೆ ಏನಾಗ್ತದೆ ಗೊತ್ತಾ? ನಿಲ್ಸೋಕೆ ಕಾರಣಾನೇ ಇರಲ್ಲ. ಬೆಳಗಿನ ಜಾವ ಮೂರೂವರೆ. ಮುಂದೆ ಒಂದು ಲಾರಿ ಆಕ್ಸಲ್ ಮುರ್ಕೊಂಡು ರೋಡಲ್ಲೇ ನಿಂತಿತ್ತು. ಲೈಟಿಲ್ಲ. ಹಿಂದೆ ಸೊಪ್ಪು ಕಟ್ಟಿರ್ಲಿಲ್ಲ, ಕಲ್ಲೂ ಇಟ್ಟಿರ್ಲಿಲ್ಲ. ನಾನು ಬಲಗಡೆ ಎಳೆದೆ. ಎಡಗಡೆ ಪೂರ್ತಿ ಹೋಯ್ತು. ಎಡಗಡೆ ಯಾರು ಕೂತಿರ್ತಾರೆ? ಕ್ಲೀನರ್. ನಮ್ಮೂರ ಹುಡುಗ, ಹದಿನೇಳು ವರ್ಷ."

ಯಾರೂ ಮಾತಾಡಲಿಲ್ಲ.

"ಎಲ್ರಿಗೂ ಲೈಟಿರ್ಲಿಲ್ಲ ಅಂತ ಹೇಳಿದೆ. ಪೊಲೀಸ್ರಿಗೂ, ಅವರಮ್ಮಂಗೂ. ಲೈಟಿರ್ಲಿಲ್ಲ, ಅದು ನಿಜ. ನಂಗೆ ನಿದ್ದೆ ಬಂದಿತ್ತು, ಅದೂ ನಿಜ. ಎರಡರಿಂದ ಐದರವರೆಗೆ ಮನುಷ್ಯನ ಕಣ್ಣು ಅವನ ಮಾತು ಕೇಳಲ್ಲ ಕಣ್ರೋ. ತೆರೆದೇ ಇರ್ತದೆ, ಆದ್ರೆ ನೋಡ್ತಾ ಇರಲ್ಲ."

ಅಕ್ಕನ ಮಗ, ಅಂದರೆ ಕಾರಿನ ಯಜಮಾನ, ಈ ಕತೆಯನ್ನು ಮೊದಲ ಸಲ ಕೇಳಿದ್ದು ಅಲ್ಲೇ. ಲಾರಿ ಮಾರಿದ್ದು, ಅದಾದ ಮೇಲೆ ಮಾವ ಹಗಲು ಲೋಡು ಮಾತ್ರ ಒಪ್ಪುತ್ತಿದ್ದದ್ದು, ಅದರಿಂದ ಸಾಲ ಬೆಳೆದದ್ದು ಅವನಿಗೆ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ.

ನನ್ನ ಹಾಳೆಯ ಪ್ರಕಾರ ದಾವಣಗೆರೆಯಲ್ಲಿ ಬೆಣ್ಣೆದೋಸೆ ಮಾತ್ರ, ಚಾರ್ಜಿಂಗ್ ಹಾವೇರಿಯಲ್ಲಿ. ಊರು ಹೊಕ್ಕಾಗ ಬ್ಯಾಟರಿ 62 ಇತ್ತು. ಆದರೆ ಗೆಳೆಯ ಏನೂ ಹೇಳದೆ ಚಾರ್ಜರ್ ಇದ್ದ ಕಡೆಗೆ ಗಾಡಿ ತಿರುಗಿಸಿದ, ಗನ್ ಹಚ್ಚಿದ, ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚಿದ. ಅರ್ಧ ಗಂಟೆ ಯಾರೂ ಅವನನ್ನು ಎಬ್ಬಿಸಲಿಲ್ಲ. ದೋಸೆ ಆಮೇಲೆ ತಿಂದೆವು, ಚಟ್ನಿ, ಆಲೂಗಡ್ಡೆ ಪಲ್ಯ, ಮೇಲೆ ಬೆಣ್ಣೆ ಮುದ್ದೆ. ಎರಡೆರಡು ಬೇಕೇ ಬೇಕು. ಅಲ್ಲಿಂದ ಮುಂದೆ ಹಾವೇರಿಯಲ್ಲಿ ನಿಲ್ಲುವ ಅಗತ್ಯ ಬೀಳಲಿಲ್ಲ.

ಧಾರವಾಡದ ಲಾಡ್ಜ್ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಇಡೀ ಪ್ಲ್ಯಾನಿನ ಬೆನ್ನೆಲುಬು ಅದೇ. ಧಾರವಾಡದಿಂದ ಸವದತ್ತಿ, ಯರಗಟ್ಟಿ ಮೇಲೆ ಲೋಕಾಪುರ ನೂರು ಕಿಲೋಮೀಟರ್ ಆಸುಪಾಸು. ಹೆದ್ದಾರಿ ಬಿಟ್ಟ ಮೇಲೆ ದೊಡ್ಡ ಚಾರ್ಜರ್ ಸಿಕ್ಕರೆ ನಿಮ್ಮ ಪುಣ್ಯ, ಸಿಗುತ್ತೆ ಅಂತ ಬರೆದುಕೊಳ್ಳಬಾರದು. ಹೋಗಿ ಬರೋಕೆ ಇನ್ನೂರು ಕಿಲೋಮೀಟರ್, ಅಂದರೆ ಧಾರವಾಡ ಬಿಡುವಾಗ ಬ್ಯಾಟರಿ ಪೂರ್ತಿ ಇರಲೇಬೇಕು. ಅದಕ್ಕೇ ಲಾಡ್ಜಿಗೆ ಮೂರು ದಿನ ಮುಂಚೆಯೇ ಫೋನ್ ಮಾಡಿ ರೂಮಿನ ಬಾಡಿಗೆ ಕೇಳುವ ಮೊದಲು ಪ್ಲಗ್ ಕೇಳಿದ್ದೆ. ಗೀಸರಿಗೆ ಹಾಕುವಂಥ 15 ಆಂಪಿಯರ್ ಪ್ಲಗ್, ಗಾಡಿ ನಿಲ್ಲಿಸುವ ಜಾಗಕ್ಕೆ ಹತ್ತಿರ. ಅರ್ಥಿಂಗ್ ಸರಿಯಿರಬೇಕು, ಇಲ್ಲದಿದ್ದರೆ ಕಾರು ಕರೆಂಟ್ ಒಪ್ಪಿಕೊಳ್ಳೋದೇ ಇಲ್ಲ. ಸೀರಿಯಲ್ ಸೆಟ್ಟಿನಂಥ ತೆಳ್ಳನೆ ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಹಚ್ಚಬೇಡಿ, ಕಾದು ಕರಗುತ್ತೆ. ಇಂಥ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯೂನಿಟ್ ಚಿಲ್ಲರೆ ಮಾತ್ರ ಹೋಗುತ್ತೆ. ನಾವು ತಲುಪಿದಾಗ 23 ಇತ್ತು, ತುಂಬೋಕೆ ಹತ್ತು ಗಂಟೆ. ಮ್ಯಾನೇಜರು ಮೀಟರ್ ನೋಡಿ, ಕಾರು ನೋಡಿ, "ಹಚ್ಚಕೋರಿ, ಆದ್ರ ಮುನ್ನೂರು ರೂಪಾಯಿ ಬ್ಯಾರೆ ಆಗ್ತೈತಿ" ಅಂದರು. ಕೊಟ್ಟೆವು. ರಾತ್ರಿಯಿಡೀ ಕಾರೂ ಮಲಗಿತು, ನಾವೂ ಮಲಗಿದೆವು. ಮಾವ ಮಾತ್ರ ಮೂರೂವರೆಗೆ ಎದ್ದು ವರಾಂಡದಲ್ಲಿ ಕೂತಿದ್ದರು. ಅವರಿಗೆ ದಿನಾ ಆ ಹೊತ್ತಿಗೆ ಎಚ್ಚರವಾಗುತ್ತಂತೆ.

ಲೋಕಾಪುರಕ್ಕೆ ತಲುಪಿದಾಗ ಬೆಳಿಗ್ಗೆ ಹತ್ತು, ಬ್ಯಾಟರಿ 66. ಸಣ್ಣ ರಸ್ತೆಯಲ್ಲಿ ವೇಗ ಕಮ್ಮಿ, ಖರ್ಚೂ ಕಮ್ಮಿ. ಬಸ್ ಸ್ಟ್ಯಾಂಡ್, ಟೀ ಅಂಗಡಿ, ಕಬ್ಬು ಹೇರಿದ ಟ್ರ್ಯಾಕ್ಟರ್. ನೋಡೋಕೆ ಅಂತ ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೆಟ್ ಹಾಕಿರಲಿಲ್ಲ, ಚಿತ್ರ ಆಗಲಿಲ್ಲ, ಬೋರ್ಡು ಇಲ್ಲ. ಆಟೋ ಗೆಳೆಯ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ನಾನು ಟೀ ಹೇಳಿದೆ. ಪಕ್ಕದ ಹಿಟ್ಟಿನ ಗಿರಣಿಯಿಂದ ಮೈತುಂಬ ಹಿಟ್ಟು ಮೆತ್ತಿಕೊಂಡ ಹಿರಿಯರೊಬ್ಬರು ಬಂದು ಕಾರಿಗೆ ಒಂದು ಸುತ್ತು ಹಾಕಿದರು.

"ಕರೆಂಟಿನ ಗಾಡಿ ಏನ್ರೀ? ಬೆಂಗಳೂರಿಂದ ಬಂದ್ರಾ? ಶೂಟಿಂಗ್ ಐತೇನ್ರೀ?"

"ಇಲ್ಲ ಯಜಮಾನ್ರೇ. ಶಂಕರ್‌ನಾಗ್ ಇಲ್ಲಿಗೆ ಬರಬೇಕಿತ್ತಲ್ಲ..."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದ್ರೀ, ಬರೋದಿತ್ತು" ಅಂದರು. ಕಾರಿನ ಮೂತಿ ತಟ್ಟಿ, "ಎಷ್ಟ್ ಉಳದೈತಿ ಕರೆಂಟು?" ಅಂತ ಕೇಳಿದರು. 66 ಅಂದೆವು, ಧಾರವಾಡಕ್ಕೆ ಸಾಕು ಅಂದೆವು. ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. "ಗಿರಣ್ಯಾಗ ಪ್ಲಗ್ ಐತಿ, ಹಚ್ಚ್ರಿ. ಇಷ್ಟ್ ದೂರ ಬಂದು ಹಂಗ ಹೋಗ್ತಾರೇನು?" ಮಾವನೇ ವೈರ್ ತೆಗೆದು ಹಚ್ಚಿದರು. ಟೀ ಮುಗಿಯುವಷ್ಟರಲ್ಲಿ, ಒಂದು ಅರ್ಧ ಗಂಟೆಗೆ, ಬಂದಿದ್ದು ಒಂದೂವರೆ ಯೂನಿಟ್. ಹತ್ತು ಕಿಲೋಮೀಟರಿಗಾಯಿತು. ಗಿರಣಿಯವರು ದುಡ್ಡು ಮುಟ್ಟಲಿಲ್ಲ.